ಹಾಲಿಗೆ ಬೇಲಿ, ಉಣ್ಣೆಗೆ ಬಯಲು

ಹೊರದೇಶದ ಹಾಲಿನ ಪುಡಿ ಬರುತ್ತದಂತೆ ಎಂಬ ಸುದ್ದಿ ಹುಟ್ಟಿದರೆ ಸಾಕು, ನಮ್ಮ ನಾಡಿನಲ್ಲಿ ಗದ್ದಲವೇಳುತ್ತದೆ. ರೈತ ಸಂಘಟನೆಗಳು ಬೀದಿಗಿಳಿಯುತ್ತವೆ, ಪತ್ರಿಕೆಗಳು ಸಂಪಾದಕೀಯ ಬರೆಯುತ್ತವೆ, ನಾಯಕರು ಪಕ್ಷಭೇದ ಮರೆತು ಹೇಳಿಕೆ ಕೊಡುತ್ತಾರೆ. ಇದು ಆಗಬೇಕಾದದ್ದೇ. ಆದರೆ ಅಂಥದೇ ಒಪ್ಪಂದಗಳ ಇನ್ನೊಂದು ಪುಟದಲ್ಲಿ ಹೊರದೇಶದ ಉಣ್ಣೆಗೂ ಕುರಿಮಾಂಸಕ್ಕೂ ಬಾಗಿಲು ತೆರೆದಿರುತ್ತದೆ. ಅದರ ಬಗ್ಗೆ ಒಂದು ಸೊಲ್ಲೂ ನಮ್ಮ ಕಿವಿಗೆ ಬೀಳುವುದಿಲ್ಲ. ಈ ಗದ್ದಲವನ್ನೂ ಈ ಮೌನವನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕೆಂಬುದು ಈ ಬರಹದ ಆಸೆ. ಯಾವ ಪ್ರಾಣಿಯ ಪರವಾಗಿ ಒಂದು ಸಮಾಜ ಕೂಗುತ್ತದೆ, ಯಾವುದರ ಬಗ್ಗೆ ಸುಮ್ಮನಿರುತ್ತದೆ ಎಂಬುದು ಬರೀ ವ್ಯಾಪಾರದ ಪ್ರಶ್ನೆಯಲ್ಲ, ಸಂಸ್ಕೃತಿಯ ಪ್ರಶ್ನೆಯೂ ಹೌದು.

ದೆಹಲಿಯ ವಾಣಿಜ್ಯ ಸಚಿವಾಲಯದ ಕಿಟಕಿಯಿಂದ ನೋಡಿದರೆ ಇದು ಅಂಕಿಗಳ ಆಟ. ನಾವು ಅದನ್ನು ಹಾವೇರಿ ಜಿಲ್ಲೆಯ ಕುಪ್ಪೇಲೂರಿನಂಥ ಊರಿನಿಂದ ನೋಡೋಣ. ರಾಣೆಬೆನ್ನೂರು ತಾಲ್ಲೂಕಿನ ಈ ಸೀಮೆಯಲ್ಲಿ ಎರೆ ಹೊಲವೂ ಇದೆ, ಮಸಾರಿಯೂ ಇದೆ. ಇಲ್ಲಿ ಮೆಕ್ಕೆಜೋಳ, ಹತ್ತಿ ಬೆಳೆಯುವವರೂ ಇದ್ದಾರೆ, ಕುರಿ ಕಾಯುವವರೂ ಇದ್ದಾರೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಮಾಡಿಕೊಳ್ಳುವ ಪದ್ಧತಿ ಎರಡು ಕಸುಬುಗಳನ್ನೂ ತಲೆಮಾರುಗಳಿಂದ ಕಟ್ಟಿಹಾಕಿದೆ. ಇದೇ ತಾಲ್ಲೂಕಿನ ಮೆಡ್ಲೇರಿ ಕಂಬಳಿಗೆ ಹೆಸರಾದ ಊರು. ದೇವರಗುಡ್ಡದ ಮಾಲತೇಶನ ಜಾತ್ರೆಗೆ ಬರುವ ಗೊರವರ ಮೈಮೇಲಿರುವುದು ಕರಿ ಕಂಬಳಿ. ಅತ್ತ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಗೆ ಹೋದರೆ ಕನಕದಾಸರ ಚಿತ್ರದಲ್ಲೂ ಹೆಗಲ ಮೇಲೆ ಕಂಬಳಿ. ಒಂದು ಕಾಲಕ್ಕೆ ಇಲ್ಲಿ ಕುರಿಯ ತುಪ್ಪಟ ಕತ್ತರಿಸಿ, ಹಿಂಜಿ, ಹೆಂಗಸರು ನೂಲು ತೆಗೆದು, ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿಗೊಳಿಸಿ, ಕುಣಿ ಮಗ್ಗದಲ್ಲಿ ನೇಯ್ದು, ಸಂತೆಗೆ ಒಯ್ಯುವ ತನಕದ ಇಡೀ ಸರಪಣಿ ಹತ್ತಾರು ಮೈಲಿಯೊಳಗೇ ಮುಗಿಯುತ್ತಿತ್ತು. ಆ ಸರಪಣಿ ಹೇಗೆ ಕಡಿಯಿತು ಎಂಬುದೇ ನಮ್ಮ ವಿಷಯ.

ಮೊದಲು ಮಾತಿನಿಂದ ಶುರು ಮಾಡೋಣ. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕೂತು ಬಂದ ನಮ್ಮಂಥವರಿಗೆ 'ಆಮದು' ಎಂಬ ಪದ ಕಂಡಾಗ ನಗು ಬರುತ್ತದೆ. ಆ ಪದವೇ ಆಮದಾದದ್ದು. ಫಾರಸಿಯಲ್ಲಿ 'ಆಮದ್' ಎಂದರೆ ಬಂದಿತು, 'ರಫ್ತ್' ಎಂದರೆ ಹೋಯಿತು. ಬಂದದ್ದು ಆಮದು, ಹೋದದ್ದು ರಫ್ತು. ಕುದುರೆಯ ಕಥೆಯೂ ಹೀಗೆಯೇ. ವಿಜಯನಗರದ ಅರಸರಿಗೆ ಯುದ್ಧದ ಕುದುರೆ ಬೇಕಿತ್ತು. ಅವು ಅರಬಸ್ತಾನದಿಂದಲೂ ಹೊರ್ಮುಜ್‌ನಿಂದಲೂ ಹಡಗಿನಲ್ಲಿ ಭಟ್ಕಳ, ಹೊನ್ನಾವರ, ಗೋವೆಯ ಬಂದರುಗಳಿಗೆ ಬಂದಿಳಿಯುತ್ತಿದ್ದವು. ಅರಸನು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು 16ನೆಯ ಶತಮಾನದ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಕುದುರೆ ಮತ್ತು ಕುದುರೆ ಸವಾರಿಯ ಜೊತೆಗೇ ಜೀನು, ಲಗಾಮು, ರಿಕಾಪು, ಸವಾರ ಎಂಬ ಮಾತುಗಳೂ ಕನ್ನಡಕ್ಕೆ ಬಂದವು. ನಮ್ಮ ಹಳೆಯ ಕವಿಗಳು ಒಳ್ಳೆಯ ಕುದುರೆಗೆ 'ತೇಜಿ' ಎಂದರಲ್ಲ, ಅದರ ಹಿಂದೆಯೂ ಅರಬರನ್ನು ಸೂಚಿಸುವ 'ತಾಜೀ' ಎಂಬ ಫಾರಸಿ ಮಾತಿನ ಸದ್ದು ಕೇಳುತ್ತದೆ. ಪರದೇಶದ ಪ್ರಾಣಿ ಬಂತೆಂದು ಕನ್ನಡ ಮುನಿಸಿಕೊಳ್ಳಲಿಲ್ಲ. ಹೆಸರು ಕೊಟ್ಟು ಕಟ್ಟಿಕೊಂಡಿತು.

ನಂತರದ ಕಾಲದಲ್ಲಿ ಹೊರಗಿನ ಸರಕಿಗೆಲ್ಲ 'ಸೀಮೆ' ಎಂಬ ವಿಶೇಷಣ ಸೇರಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆಯ ಸಾಲಿನಲ್ಲೇ ಸೀಮೆಹಸುವೂ ನಿಂತಿತು. ನಮ್ಮ ಉತ್ತರ ಕರ್ನಾಟಕದಲ್ಲಿ ಇದಕ್ಕೆ ಎದುರಾಗಿ 'ಜವಾರಿ' ಎಂಬ ಮಾತಿದೆ. ಜವಾರಿ ಆಕಳು, ಜವಾರಿ ಕೋಳಿ, ಜವಾರಿ ಕುರಿ. ಸೀಮೆ ಮತ್ತು ಜವಾರಿ ಎಂಬ ಈ ಜೋಡಿಯಲ್ಲಿ ಜಗಳವಿಲ್ಲ, ವಿಂಗಡಣೆ ಇದೆ. ಯಾವುದು ಎಲ್ಲಿಂದ ಬಂತು, ಯಾವುದು ಎಷ್ಟು ಹಾಲು ಕೊಡುತ್ತದೆ, ಯಾವುದು ಬರಗಾಲ ತಡೆಯುತ್ತದೆ ಎಂಬ ಲೆಕ್ಕ ಅದರೊಳಗಿದೆ. ಈಗಿನ 'ದೇಶಿ-ವಿದೇಶಿ' ಎಂಬ ರಾಜಕೀಯ ಜೋಡಿಯಲ್ಲಿ ಈ ಲೆಕ್ಕವೇ ಕಾಣೆ. ಹೀಗಾಗಿ ವಿದೇಶದ್ದೆಂಬ ಒಂದೇ ಕಾರಣಕ್ಕೆ ಆಮದನ್ನು ಬೈಯುವ ಬರಹಗಳ ಜೊತೆ ನಾವು ನಿಲ್ಲಲಾರೆವು. ಕೇಳಬೇಕಾದ ಪ್ರಶ್ನೆ ಬೇರೆ: ಬಂದ ಸರಕಿನಿಂದ ಯಾರ ಮನೆಯ ಒಲೆ ಹತ್ತಿತು, ಯಾರದು ಆರಿತು?

ಹಾಲಿನ ಕಥೆಯಲ್ಲಿ ಇದಕ್ಕೆ ಒಂದು ಉತ್ತರವಿದೆ. ಇಂದು ವಿದೇಶಿ ಹಾಲಿನ ಪುಡಿಯನ್ನು ಬೇಡವೆನ್ನುವ ನಮ್ಮ ಹೈನುಗಾರಿಕೆ ಕಟ್ಟಿದ್ದೇ ವಿದೇಶಿ ಹಾಲಿನ ಪುಡಿಯಿಂದ. ಇದು ವ್ಯಂಗ್ಯವಲ್ಲ, ಇತಿಹಾಸ. 1970ರಲ್ಲಿ ಕ್ಷೀರಧಾರೆ ಯೋಜನೆ ಆರಂಭವಾದಾಗ ಯುರೋಪಿನ ದೇಶಗಳಲ್ಲಿ ಹಾಲಿನ ಪುಡಿ, ಬೆಣ್ಣೆಯ ಗುಡ್ಡ ಬೆಳೆದಿತ್ತು. ಮೊದಲ ಹಂತಕ್ಕೆ 1,26,000 ಟನ್ ಕೆನೆರಹಿತ ಹಾಲಿನ ಪುಡಿ, 42,000 ಟನ್ ಬೆಣ್ಣೆ ಎಣ್ಣೆ ದಾನವಾಗಿ ಗೊತ್ತಾಯಿತು. ದಾನದ ಪುಡಿಯನ್ನು ಹಾಗೇ ಅಗ್ಗಕ್ಕೆ ಹಂಚಿದ್ದರೆ ನಮ್ಮ ಹಳ್ಳಿಯ ಹಾಲಿಗೆ ಬೆಲೆಯೇ ಇರುತ್ತಿರಲಿಲ್ಲ. ಪುಣ್ಯಕ್ಕೆ ವರ್ಗೀಸ್ ಕುರಿಯನ್ ಮತ್ತು ಅವರ ಜೊತೆಗಾರರು ಅದನ್ನು ಹಾಲಾಗಿಸಿ ನಗರದಲ್ಲಿ ಮಾರಿದರು. ಬಂದ ಹಣವನ್ನು ಹಳ್ಳಿಯ ಸಹಕಾರ ಸಂಘಗಳಿಗೆ, ಶೀತಲ ಘಟಕಗಳಿಗೆ, ಡೇರಿಗಳಿಗೆ ಹಾಕಿದರು. ಆ ಯೋಜನೆಗೆ ಟೀಕೆಗಳೂ ಇದ್ದವು, ಇರಲಿ. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಡೇರಿ ಯೋಜನೆ ಬಂತು. ಅದೇ ಮುಂದೆ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ 1969ರಲ್ಲಿ ಹೋರಿ ವೀರ್ಯ ಶೈತ್ಯೀಕರಿಸುವ ಕೇಂದ್ರ ಬಂತು. ಜರ್ಸಿ, ಎಚ್.ಎಫ್. ರಕ್ತ ನಮ್ಮ ಕೊಟ್ಟಿಗೆಗಳಲ್ಲಿ ಹರಿಯಿತು. ತಳಿ ಆಮದು, ಪುಡಿ ಆಮದು, ಸಾಲವೂ ಆಮದು. ಆದರೆ ಬೆಳಗಿನ ಜಾವ ಕ್ಯಾನಿಗೆ ಹಾಲು ಸುರಿದು ಚೀಟಿ ಪಡೆಯುವ ಹೆಣ್ಣುಮಗಳು ನಮ್ಮೂರಿನವಳು.

ಆ ಚೀಟಿ ಇರುವುದರಿಂದಲೇ ಹಾಲಿಗೆ ಬಾಯಿ ಬಂತು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತವು ಆರ್‌ಸಿಇಪಿ ಒಪ್ಪಂದದಿಂದ ಹಿಂದೆ ಸರಿಯಿತು. ನ್ಯೂಜಿಲೆಂಡಿನ ಹಾಲಿನ ಭಯ ಅದರ ಹಿಂದಿನ ದೊಡ್ಡ ಕಾರಣಗಳಲ್ಲೊಂದು. ದನಕ್ಕೆ ರಕ್ತದ ಪುಡಿ, ಕರುಳು ಬೆರೆಸಿದ ಮೇವು ತಿನ್ನಿಸಿರಬಾರದು ಎಂಬ ಪ್ರಮಾಣಪತ್ರದ ಷರತ್ತು ಹಾಕಿ ಅಮೆರಿಕದ ಹಾಲಿನ ಪದಾರ್ಥಗಳನ್ನು ನಾವು ಹಲವು ವರ್ಷಗಳಿಂದ ತಡೆದಿದ್ದೇವೆ. 2025ರ ವ್ಯಾಪಾರ ಮಾತುಕತೆಯಲ್ಲೂ ಅದೇ ಜಗ್ಗಾಟ. ಹೊರದೇಶದ ಮಾತು ಬಿಡಿ, 2023ರ ಏಪ್ರಿಲ್‌ನಲ್ಲಿ ಗುಜರಾತಿನ ಅಮುಲ್ ಬೆಂಗಳೂರಿನಲ್ಲಿ ಹಾಲು ಮೊಸರು ಮಾರಲು ಹೊರಟಾಗ 'ನಂದಿನಿ ಉಳಿಸಿ' ಎಂದು ಕನ್ನಡ ನಾಡೇ ಎದ್ದು ನಿಂತಿತು. ಕೋಳಿಯ ವಿಷಯದಲ್ಲೂ ಹೀಗೇ. ಹಕ್ಕಿಜ್ವರದ ಹೆಸರಿನಲ್ಲಿ ಅಮೆರಿಕದ ಕೋಳಿಯನ್ನು ತಡೆದದ್ದು ಸರಿಯಲ್ಲವೆಂದು 2015ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ತೀರ್ಪು ಕೊಟ್ಟಿತು. ಆಗ ಗಾಬರಿಯಾದವರಲ್ಲಿ ಕೋಳಿ ಸಾಕುವವರಷ್ಟೇ ಅಲ್ಲ, ಕೋಳಿ ತಿನ್ನುವ ಮೆಕ್ಕೆಜೋಳ ಬೆಳೆಯುವವರೂ ಇದ್ದರು. ಹಾವೇರಿ ಜಿಲ್ಲೆಯ ರೈತನಿಗೆ ಈ ನಂಟು ಯಾರೂ ಬಿಡಿಸಿ ಹೇಳಬೇಕಿಲ್ಲ. ಹಾಲಿಗೂ ಕೋಳಿಗೂ ಬೇಲಿ ಹಾಕಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಬೇಲಿಯ ಆಚೆ ಉಳಿದವರು ಯಾರೆಂದು ಕೇಳುತ್ತಿದ್ದೇವೆ.

ಆಚೆ ಉಳಿದದ್ದು ಕುರಿ. ಕುರಿಯ ವಿಷಯದಲ್ಲೂ ಆಮದಿನ ಇತಿಹಾಸ ಹಳೆಯದೇ. 19ನೆಯ ಶತಮಾನದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲೇ ಮೆರಿನೋ ಟಗರುಗಳನ್ನು ತರಿಸಿ ನಾಡ ಕುರಿಯ ಉಣ್ಣೆ ನಯವಾಗಿಸುವ ಪ್ರಯತ್ನ ನಡೆಯಿತು. ಸ್ವಾತಂತ್ರ್ಯದ ನಂತರ, 1962ರಲ್ಲಿ, ರಾಜಸ್ಥಾನದ ಅವಿಕಾನಗರದಲ್ಲಿ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಬಂತು. ಮೆರಿನೋ, ರಾಂಬುಲೆ ಟಗರುಗಳು ಪರದೇಶಗಳಿಂದ ಬಂದವು. ನಮ್ಮ ದಖನಿ ಕುರಿಯ ಜೊತೆಗೂ ಅವುಗಳನ್ನು ಕೂಡಿಸಿ ನೋಡಿದರು. ಗುರಿ ಒಂದೇ, ಒರಟನ್ನು ನಯ ಮಾಡುವುದು. ಊರೂರು ಅಲೆಯುವ, ಬಿಸಿಲು ಮಳೆ ತಿನ್ನುವ, ಕೂಳೆ ಮೇಯುವ ಕುರಿಗೆ ಆ ನಯದ ರಕ್ತ ಹೊಂದಿಕೊಳ್ಳಲಿಲ್ಲ. ಕುರುಬರ ಹಟ್ಟಿಯಲ್ಲಿ ಅದು ನಿಲ್ಲಲಿಲ್ಲ. ಆದರೆ 'ನಿಮ್ಮ ಉಣ್ಣೆ ಕಳಪೆ' ಎಂಬ ಮಾತು ಮಾತ್ರ ನಿಂತುಬಿಟ್ಟಿತು.

ಇತ್ತ ಗಿರಣಿಗಳಿಗೆ ಬೇಕಾದ ನಯದ ಉಣ್ಣೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ಬರತೊಡಗಿತು. ಇನ್ನೊಂದು ಬಾಗಿಲಿನಿಂದ ಪಶ್ಚಿಮದವರು ಉಟ್ಟು ಬಿಸಾಡಿದ ಕೋಟು, ಸ್ವೆಟರುಗಳು ಮೂಟೆಗಟ್ಟಲೆ ಕಾಂಡ್ಲಾ ಬಂದರಿಗೆ ಬಂದಿಳಿದವು. ಅವನ್ನು ಹರಿಯಾಣದ ಪಾಣಿಪತ್‌ನಲ್ಲಿ ಚಿಂದಿ ಮಾಡಿ, ಮತ್ತೆ ನೂಲು ತೆಗೆದು, ಅಗ್ಗದ ರಗ್ಗು ನೇಯ್ದರು. ಭೂಕಂಪವಾದಾಗ, ನೆರೆ ಬಂದಾಗ ಪರಿಹಾರವಾಗಿ ಹಂಚುವ ರಗ್ಗು ಅದೇ. ನಮ್ಮ ಸಂತೆಗಳ ಕಂಬಳಿಯ ಪಕ್ಕಕ್ಕೂ ಅದು ಬಂದು ಕೂತಿತು. ಈಚಿನ ವರ್ಷಗಳಲ್ಲಿ ಪಾಲಿಯೆಸ್ಟರ್ ಹೊದಿಕೆಗಳು ಬಂದು ಆ ಪಾಣಿಪತ್ ರಗ್ಗಿನ ಕುತ್ತಿಗೆಗೂ ಕುಳಿತಿವೆ. ಒಬ್ಬರ ಹಳೆ ಬಟ್ಟೆ ಇನ್ನೊಬ್ಬರ ಹೊಸ ಕಸುಬನ್ನು ಮುರಿಯುವುದು, ಅದನ್ನು ಮತ್ತೊಬ್ಬರ ಪ್ಲಾಸ್ಟಿಕ್ಕು ಮುರಿಯುವುದು. ಜಾಗತೀಕರಣ ಎಂಬ ದೊಡ್ಡ ಪದದ ಅರ್ಥ ಸಂತೆಯ ಮಟ್ಟದಲ್ಲಿ ಇಷ್ಟೇ.

ಎರಡು ಅಂಕಿ ಜೋಡಿಗಳನ್ನು ಓದುಗರು ಗಮನಿಸಬೇಕು. ಜಾನುವಾರು ಗಣತಿಯ ಪ್ರಕಾರ 2012ರಲ್ಲಿ ದೇಶದಲ್ಲಿ ಸುಮಾರು 6.5 ಕೋಟಿ ಕುರಿಗಳಿದ್ದವು. 2019ರಲ್ಲಿ ಅವು 7.4 ಕೋಟಿ ದಾಟಿದವು. ಕರ್ನಾಟಕದಲ್ಲೂ ಸಂಖ್ಯೆ ಏರಿ 1.1 ಕೋಟಿ ಮುಟ್ಟಿತು. ಇನ್ನು ಉಣ್ಣೆ. 2014-15ರಲ್ಲಿ ದೇಶದ ಉತ್ಪಾದನೆ ಸುಮಾರು 4.8 ಕೋಟಿ ಕಿಲೋ ಇತ್ತು. 2022-23ಕ್ಕೆ ಅದು 3.36 ಕೋಟಿ ಕಿಲೋಗೆ ಇಳಿಯಿತು. ಕುರಿ ಹೆಚ್ಚಿತು, ಉಣ್ಣೆ ಕಡಿಮೆಯಾಯಿತು. ಒಗಟಿನಂತೆ ಕಾಣುವ ಇದಕ್ಕೆ ಉತ್ತರ ಕುರಿಗಾರನ ಬಾಯಲ್ಲಿದೆ. ತುಪ್ಪಟ ಕತ್ತರಿಸುವವನಿಗೆ ಕೊಡುವ ಕೂಲಿಯಷ್ಟೂ ತುಪ್ಪಟ ಮಾರಿದರೆ ಹುಟ್ಟದಿದ್ದಾಗ ಅವನೇನು ಮಾಡಿಯಾನು? ಕತ್ತರಿಸಿದ್ದನ್ನು ಹೊಲದ ಬದುವಿನಲ್ಲಿ ಬಿಟ್ಟು ನಡೆಯುತ್ತಾನೆ. ಮರುವರ್ಷ ಉಣ್ಣೆಯೇ ಇಲ್ಲದ, ಮೈತುಂಬ ಮಾಂಸ ಹೊರುವ ತಳಿಯ ಟಗರು ತಂದು ಹಿಂಡಿಗೆ ಬಿಡುತ್ತಾನೆ. ಕರಿ ತುಪ್ಪಟದ ದಖನಿ ಹಿಂಡು ಕೆಂಪಗೆ, ಬೆಳ್ಳಗೆ, ಬೋಳಾಗುತ್ತ ಹೋಗುತ್ತದೆ. ಕಂಬಳಿ ನೇಯುವವನಿಗೆ ಉಣ್ಣೆ ದೂರದಿಂದ ತರಬೇಕಾಗುತ್ತದೆ. ಕುರಿಗಳ ನಡುವೆ ಕೂತು ಉಣ್ಣೆಗೆ ಪರದಾಡುವ ಸ್ಥಿತಿ.

ಈ ಸ್ಥಿತಿಯಲ್ಲಿ ಹೊಸ ಒಪ್ಪಂದಗಳು ಬಂದವು. ಆಸ್ಟ್ರೇಲಿಯಾದೊಂದಿಗಿನ ಒಪ್ಪಂದಕ್ಕೆ 2022ರ ಏಪ್ರಿಲ್‌ನಲ್ಲಿ ಸಹಿ ಬಿದ್ದು, ಅದೇ ವರ್ಷ ಡಿಸೆಂಬರ್ 29ರಂದು ಅದು ಜಾರಿಗೆ ಬಂತು. ಹಾಲಿನ ಪದಾರ್ಥಗಳನ್ನು ಅದರಿಂದ ಹೊರಗಿಟ್ಟರು. ಉಣ್ಣೆಯ ಮೇಲಿದ್ದ ಶೇ. 2.5ರ ಸುಂಕವೂ ಕುರಿಮಾಂಸದ ಮೇಲಿದ್ದ ಶೇ. 30ರ ಸುಂಕವೂ ಮೊದಲ ದಿನವೇ ಸೊನ್ನೆಯಾದವು. ನ್ಯೂಜಿಲೆಂಡಿನೊಂದಿಗಿನ ಮಾತುಕತೆ 2025ರ ಡಿಸೆಂಬರ್‌ನಲ್ಲಿ ಮುಗಿಯಿತು. ಅಲ್ಲಿಯೂ ಅದೇ ನಕ್ಷೆ: ಹಾಲು ಬೇಲಿಯೊಳಗೆ, ಉಣ್ಣೆ ಮತ್ತು ಕುರಿಮಾಂಸ ಬಯಲಿನಲ್ಲಿ.

ಒಪ್ಪಂದವೇ ಕಂಬಳಿಯನ್ನು ಕೊಂದಿತೆಂದರೆ ಅದು ಅರ್ಧಸತ್ಯ. ಶೇ. 2.5ರ ಸುಂಕ ಯಾವ ಬೇಲಿಯೂ ಆಗಿರಲಿಲ್ಲ. ಅದು ತೆಗೆಯುವ ಹೊತ್ತಿಗೆ ಮಗ್ಗಗಳು ಮೊದಲೇ ಮೂಲೆ ಸೇರಿದ್ದವು. ಮೆರಿನೋ ಉಣ್ಣೆಯ ಜಾಗವನ್ನು ದಖನಿ ಉಣ್ಣೆ ತುಂಬಲಾರದು ಎಂಬುದೂ ನಿಜ. ಸೂಟಿನ ಬಟ್ಟೆಗೆ ಬೇಕಾದ್ದು ಬೇರೆ, ಮಳೆಯಲ್ಲಿ ಕುರಿಗಾರನ ತಲೆ ಮೇಲೆ ಕೊಪ್ಪೆಯಾಗುವ ಕಂಬಳಿಗೆ ಬೇಕಾದ್ದು ಬೇರೆ. ಹಾಗಿದ್ದರೆ ಹಾಲಿಗೂ ಉಣ್ಣೆಗೂ ಇರುವ ನಿಜವಾದ ವ್ಯತ್ಯಾಸ ಯಾವುದು? ಆಮದು ಎರಡರಲ್ಲೂ ಆಯಿತು. ಹಾಲಿನಲ್ಲಿ ಆಮದಾದ ಸರಕಿನ ಹಣ ಹಳ್ಳಿಗೆ ಬಂದು ಸಂಘವಾಯಿತು, ಅಳತೆಯಾಯಿತು, ಚೀಟಿಯಾಯಿತು. ಉಣ್ಣೆಯಲ್ಲಿ ಆ ಹಣ ಗಿರಣಿಯ ದಾರಿ ಹಿಡಿದು ಅಲ್ಲೇ ಉಳಿಯಿತು. ಕುರಿಗಾರನ ಬಾಗಿಲಿಗೆ ಬಂದು ಉಣ್ಣೆ ತೂಗಿ, ದರ್ಜೆ ಮಾಡಿ, ಅಂದೇ ಹಣ ಎಣಿಸುವ ಸಂಘ ಹಾಲಿನ ಡೇರಿಯಂತೆ ಊರೂರಿಗೆ ಬರಲಿಲ್ಲ. ಅಲ್ಲಲ್ಲಿ ಹುಟ್ಟಿದ ಕಂಬಳಿ ನೇಕಾರರ ಸಂಘಗಳಿಗೂ ಹಾಲಿನ ಒಕ್ಕೂಟಗಳ ಬೆನ್ನಿಗಿದ್ದ ಬಲ ಸಿಗಲಿಲ್ಲ. ಕುರಿ ಕಾಯುವವನು ಒಂದೂರಿನಲ್ಲಿ ನಿಲ್ಲುವವನಲ್ಲ. ನಿಲ್ಲದವನ ಹೆಸರು ಯಾವ ರಿಜಿಸ್ಟರಿನಲ್ಲಿ ಬರೆಯಬೇಕು? ಅವನು ಮೇಯಿಸುತ್ತಿದ್ದ ಬಯಲೂ ಒಂದೊಂದಾಗಿ ಅವನ ಕೈತಪ್ಪಿತು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯ ಘೋಷಣೆಯಾಯಿತು. ಮೃಗ ಉಳಿಯಲೇಬೇಕು. ಆದರೆ ಅಭಯ ಎಂಬ ಮಾತು ಕುರಿಗಾರನ ಪಾಲಿಗೆ ಬರಲಿಲ್ಲ.

ಇಲ್ಲಿ ಸಾಹಿತ್ಯದ ಮಾತು ಬರಲೇಬೇಕು. ಏಕೆಂದರೆ ನಯ-ಒರಟು ಎಂಬ ಈ ತೀರ್ಪು ಗಿರಣಿಯಲ್ಲಿ ಹುಟ್ಟಿದ್ದಲ್ಲ. ನಮ್ಮ ಅಭಿರುಚಿಯಲ್ಲೇ ಅದು ಮೊದಲಿನಿಂದ ಇದೆ. ಈ ನಾಡಿನ ಕರಿ ಕುರಿಗೆ ಪಶುವೈದ್ಯರು ಕೊಟ್ಟ ಹೆಸರು 'ದಖನಿ'. ನಮ್ಮ ಮನೆಮಾತಿನ ಹೆಸರೂ ದಖನಿ. ಸವಣೂರು, ಹಾವೇರಿ, ರಾಣೆಬೆನ್ನೂರಿನ ಮುಸ್ಲಿಮರ ಮನೆಯಲ್ಲಿ ಆಡುವ ಉರ್ದು ಅದು. ಕನ್ನಡದ ನೆರಳಿನಲ್ಲಿ, ಮರಾಠಿಯ ಬೇಲಿಯಲ್ಲಿ ಬೆಳೆದ ಮಾತು. ಉತ್ತರದ ದಿಲ್ಲಿ, ಲಖನೌಗಳ ನಯದ ಉರ್ದು ಪಠ್ಯಪುಸ್ತಕವಾಗಿ ಬಂದಾಗ ಈ ಮಾತಿಗೂ 'ಒರಟು' ಎಂಬ ಅದೇ ಹಣೆಪಟ್ಟಿ ಬಿತ್ತು. ಶಾಲೆಯಲ್ಲಿ ಒಂದು, ಒಲೆಯ ಮುಂದೆ ಇನ್ನೊಂದು ಮಾತಾಡುತ್ತ ಬೆಳೆದ ನಮಗೆ ದಖನಿ ಉಣ್ಣೆ 'ಕಳಪೆ' ಎಂಬ ವರದಿ ಓದಿದಾಗ ಹಳೆಯ ಪರಿಚಯದ ದನಿ ಕೇಳಿದಂತಾಗುತ್ತದೆ. ಯಾರ ಮೈಗೆ ಕಳಪೆ? ಯಾವ ಕೆಲಸಕ್ಕೆ ಕಳಪೆ? ಈ ಪ್ರಶ್ನೆ ಕೇಳದ ತೀರ್ಪು ವಿಜ್ಞಾನವೂ ಅಲ್ಲ, ವಿಮರ್ಶೆಯೂ ಅಲ್ಲ.

ಇಂಥ ತೀರ್ಪನ್ನು ಪ್ರಶ್ನಿಸಿದ ದೊಡ್ಡ ಕೃತಿ ಇದೇ ಜಿಲ್ಲೆಯ ಕವಿಯದು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತವೂ ರಾಗಿಯೂ ಶ್ರೇಷ್ಠತೆಗಾಗಿ ಜಗಳಕ್ಕೆ ನಿಲ್ಲುತ್ತವೆ. ಭತ್ತ ಉಳ್ಳವರ ಎಲೆಯ ಧಾನ್ಯ, ರಾಗಿ ಬಡವರ ಹೊಟ್ಟೆಯ ಧಾನ್ಯ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿದೆ. ಆ ಕಾವ್ಯದ ಹಿರಿಮೆ ರಾಗಿ ಗೆದ್ದದ್ದರಲ್ಲಿ ಮಾತ್ರ ಇಲ್ಲ. ಒರಟು ಧಾನ್ಯಕ್ಕೂ ಒಂದು ಸಭೆ ಸಿಕ್ಕಿತು, ತನ್ನ ಮಾತನ್ನು ತಾನೇ ಆಡಲು ಬಾಯಿ ಸಿಕ್ಕಿತು ಎಂಬುದರಲ್ಲಿದೆ. ನಮ್ಮ ಕಾಲದ ವ್ಯಾಪಾರ ಒಪ್ಪಂದಗಳ ಸಭೆಯಲ್ಲಿ ಹಾಲಿಗೆ ಆ ಬಾಯಿ ಸಿಕ್ಕಿದೆ. ಉಣ್ಣೆಗೆ ಸಿಕ್ಕಿಲ್ಲ.

ಉರ್ದು-ಹಿಂದಿಯ ಪ್ರೇಮಚಂದರು 1930ರಲ್ಲಿ ಬರೆದ 'ಪೂಸ್ ಕೀ ರಾತ್' ಕಥೆ ಹಲವರಿಗೆ ಗೊತ್ತು. ಹಲ್ಕೂ ಎಂಬ ರೈತ ಕಂಬಳಿಗೆಂದು ಕೂಡಿಟ್ಟ ಮೂರು ರೂಪಾಯಿಯನ್ನು ಸಾಲಗಾರನಿಗೆ ಕೊಟ್ಟು, ಚಳಿಗಾಲದ ರಾತ್ರಿ ಹೊಲದಲ್ಲಿ ನಾಯಿಯನ್ನು ತಬ್ಬಿಕೊಂಡು ನಡುಗುತ್ತಾನೆ. ಕಥೆಗಾರರಾಗಿ ನಾವು ಅದನ್ನು ಬಡತನದ ಕಥೆ, ಸಾಲದ ಕಥೆ ಎಂದು ಓದುತ್ತ ಬಂದಿದ್ದೇವೆ. ಅದು ಕಂಬಳಿಯ ಕಥೆಯೂ ಹೌದು. ಅಂದು ಕಂಬಳಿ ಇತ್ತು, ಹಲ್ಕೂನ ಕೈಯಲ್ಲಿ ಹಣ ಉಳಿಯಲಿಲ್ಲ. ಇಂದು ಹಲ್ಕೂನಂಥವನಿಗೆ ಅಗ್ಗದ ಪಾಲಿಯೆಸ್ಟರ್ ಹೊದಿಕೆ ಸಿಗುತ್ತದೆ, ಅವನು ಬೆಚ್ಚಗೆ ಮಲಗುತ್ತಾನೆ. ಇದನ್ನು ನಾವು ಅಲ್ಲಗಳೆಯಲಾರೆವು. ಅಗ್ಗದ ಹೊದಿಕೆ ಬಡವನಿಗೆ ಕೊಟ್ಟ ಬೆಚ್ಚನೆಯನ್ನು ಹಂಗಿಸಿ ಕಂಬಳಿಯ ಗುಣಗಾನ ಮಾಡುವುದು ಹೊಟ್ಟೆ ತುಂಬಿದವರ ಮಾತಾದೀತು. ಆದರೆ ಕಂಬಳಿ ನೇಯುವವನೂ ಒಬ್ಬ ಹಲ್ಕೂ. ಹೊದ್ದವನ ಚಳಿ ಬಿಟ್ಟಿತು, ನೇಯ್ದವನ ಚಳಿ ಶುರುವಾಯಿತು. ಇಬ್ಬರ ಕಥೆಯನ್ನೂ ಒಂದೇ ಪುಟದಲ್ಲಿ ಬರೆಯುವ ಲೇಖನಿ ನಮಗೆ ಬೇಕು.

ಬದಲಿಗೆ ನಮ್ಮಲ್ಲಿ ಕಂಬಳಿ ವೇದಿಕೆಯ ಸರಕಾಗಿದೆ. ಸಮಾವೇಶಗಳಲ್ಲಿ ನಾಯಕರ ಹೆಗಲಿಗೆ ಕಂಬಳಿ ಹೊದಿಸಿ, ಕೈಗೆ ಟಗರಿನ ಹಗ್ಗ ಕೊಡುತ್ತಾರೆ. 2021ರ ಅಕ್ಟೋಬರ್‌ನಲ್ಲಿ ಇದೇ ಜಿಲ್ಲೆಯ ಹಾನಗಲ್ ಮತ್ತು ವಿಜಯಪುರದ ಸಿಂದಗಿ ಉಪಚುನಾವಣೆಯ ಹೊತ್ತಿಗೆ, ಕಂಬಳಿ ಹೊದೆಯುವ ಯೋಗ್ಯತೆ ಯಾರಿಗಿದೆ ಎಂಬ ಬಗ್ಗೆ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮತ್ತು ಅಂದಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ನಡುವೆ ದೊಡ್ಡ ವಾಗ್ವಾದವೇ ನಡೆಯಿತು. ಪತ್ರಿಕೆಗಳಲ್ಲಿ ದಿನಗಟ್ಟಲೆ ಕಂಬಳಿಯದೇ ಸುದ್ದಿ. ಅದನ್ನು ಯಾರು ಹೊದೆಯಬಹುದೆಂಬ ಚರ್ಚೆಯಾಯಿತು. ಯಾರು ನೇಯ್ದರು, ಉಣ್ಣೆ ಎಲ್ಲಿಂದ ಬಂತು, ನೇಯ್ದವನಿಗೆ ಎಷ್ಟು ದಕ್ಕಿತು ಎಂಬ ಚರ್ಚೆ ಆ ದಿನಗಳಲ್ಲಿ ನಮಗೆ ಕಾಣಲಿಲ್ಲ. ಮರುವರ್ಷವೇ ಉಣ್ಣೆಯ ಸುಂಕ ಸೊನ್ನೆಯಾದಾಗ ಹೆಗಲ ಮೇಲೆ ಕಂಬಳಿ ಹೊತ್ತ ಯಾವ ನಾಯಕರ ಮಾತೂ ಸುದ್ದಿಯಾಗಲಿಲ್ಲ. ವಸ್ತುವೊಂದು ಸಂಕೇತವಾಗಿ ಮೇಲೇರಿದಷ್ಟೂ ಅದನ್ನು ಮಾಡುವ ಕೈ ಮರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ನಮ್ಮ ಸಮುದಾಯವೂ ಈ ಪ್ರಶ್ನೆಯಿಂದ ಹೊರಗಿಲ್ಲ. 'ಸೂಫಿ' ಎಂಬ ಮಾತು ಉಣ್ಣೆ ಎಂಬರ್ಥದ 'ಸೂಫ್' ಎಂಬ ಅರಬಿ ಪದದಿಂದ ಬಂದಿತೆಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಒರಟು ಉಣ್ಣೆ ತೊಟ್ಟು ಅರಮನೆಯಿಂದ ದೂರ ನಿಂತವರು ಅವರು. ಉರ್ದು ನಾತ್‌ಗಳಲ್ಲಿ ಪ್ರವಾದಿಯವರನ್ನು 'ಕಮ್ಲೀವಾಲೆ' ಎಂದು ಹಾಡುತ್ತೇವೆ. ಆ ಕಮ್ಲಿಯೂ ಈ ಕಂಬಳಿಯೂ ಒಂದೇ ಮೂಲದ ಮಾತುಗಳು. ಹಾಡಿನಲ್ಲಿ ಕಂಬಳಿ ಇಷ್ಟು ಹತ್ತಿರ, ಸಂತೆಯಲ್ಲಿ ಎಷ್ಟು ದೂರ! ಕುರಿಗಾರನಿಗೂ ನಮಗೂ ಇರುವ ನಂಟು ಇಂದು ಮಾಂಸದ್ದು ಮತ್ತು ತೊಗಲಿನದು. ಬಕ್ರೀದ್ ಹತ್ತಿರ ಬಂದಾಗ ರಾಣೆಬೆನ್ನೂರು, ಹಾವೇರಿಯ ಕಡೆಯ ಕುರಿ ಸಂತೆಗಳಲ್ಲಿ ಕುರುಬರೂ ಮುಸ್ಲಿಂ ವ್ಯಾಪಾರಿಗಳೂ ಟವೆಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತಾರೆ. ಭಾಷಣಗಳಲ್ಲಿ ಒಡೆದದ್ದನ್ನು ಆ ಟವೆಲು ಇನ್ನೂ ಹಿಡಿದಿಟ್ಟಿದೆ. ಉಣ್ಣೆ ಹೋದ ಮೇಲೆ ಕುರಿಗಾರನ ಬದುಕು ನಿಂತಿರುವುದು ಈ ಒಂದೇ ಕಾಲಿನ ಮೇಲೆ.

ಆ ಕಾಲಿನ ಮುಂದೆಯೂ ಈಗ ಬಾಗಿಲು ತೆರೆದಿದೆ. ಶೇ. 30ರ ಸುಂಕ ಸೊನ್ನೆಯಾದ ಕುರಿಮಾಂಸ ಇಂದಿಗೆ ದೊಡ್ಡ ನಗರಗಳ ದೊಡ್ಡ ಹೋಟೆಲುಗಳ ಸರಕು. ಶೀತಲ ಪೆಟ್ಟಿಗೆಯಲ್ಲಿ ಬರುವ ಅದು ನಮ್ಮ ಊರಿನ ಅಂಗಡಿಯ ಮಾಂಸಕ್ಕೆ ಎದುರಾಳಿಯಲ್ಲ. ನಾಳೆ ಏನೆಂದು ಹೇಳಲು ನಾವು ಜ್ಯೋತಿಷಿಗಳಲ್ಲ. ಆದರೆ ಜಗತ್ತಿನ ಗಾಳಿ ಯಾವ ಕಡೆಗೆಂದು ನೋಡಬಹುದು. ಉಣ್ಣೆಯ ಬೆಲೆ ಸೋತು ಆಸ್ಟ್ರೇಲಿಯಾದ ಕುರಿಗಾರರೂ ಮೆರಿನೋ ಬಿಟ್ಟು ಮಾಂಸದ ತಳಿಗಳತ್ತ ವಾಲುತ್ತಿದ್ದಾರೆ. ಕುರಿಗಳನ್ನು ಜೀವಂತ ಹಡಗಿಗೇರಿಸಿ ಪಶ್ಚಿಮ ಏಷ್ಯಾಕ್ಕೆ ಕಳಿಸುವುದನ್ನು 2028ರ ಮೇ 1ರಿಂದ ನಿಲ್ಲಿಸಬೇಕೆಂದು ಅಲ್ಲಿನ ಸಂಸತ್ತು 2024ರಲ್ಲಿ ಕಾನೂನು ಮಾಡಿದೆ. ಹಡಗಿಗೇರದ ಕುರಿ ಮಾಂಸವಾಗಿ ಹೊಸ ಮಾರುಕಟ್ಟೆ ಹುಡುಕುತ್ತದೆ. ವಿಚಿತ್ರ ನೋಡಿ, ಕುಪ್ಪೇಲೂರಿನ ಕುರಿಗಾರನೂ ಆಸ್ಟ್ರೇಲಿಯಾದ ಕುರಿಗಾರನೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದಾರೆ. ಒಬ್ಬನ ಬೆನ್ನಿಗೆ ಸರ್ಕಾರ, ಬಂದರು, ಒಪ್ಪಂದಗಳಿವೆ. ಇನ್ನೊಬ್ಬನ ಬೆನ್ನಿಗೆ ಕಂಬಳಿಯೂ ಉಳಿದಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಮತ್ತೆ ಒಂದು ಮಾತಿಗೇ ಬರುತ್ತೇವೆ. ನಮ್ಮ ಸಂತೆಗಳಲ್ಲಿ ಸುಂಕಕ್ಕೆ 'ಜಕಾತಿ' ಎನ್ನುತ್ತಿದ್ದರು. ಅದರ ಮೂಲ ಅರಬಿಯ 'ಝಕಾತ್'. ಉಳ್ಳವನ ಸಂಪತ್ತಿನಲ್ಲಿ ಬಡವನಿಗೆ ಸೇರಬೇಕಾದ ಪಾಲು. ಅದರ ಲೆಕ್ಕ ನಲವತ್ತಕ್ಕೆ ಒಂದು, ಅಂದರೆ ಶೇ. 2.5. ನಲವತ್ತು ಕುರಿ ಇದ್ದವನೂ ಒಂದು ಕುರಿ ಕೊಡಬೇಕು. ಸಂತೆಯ ಬಾಯಲ್ಲಿ ಅದು ಬಡವನ ಪಾಲೆಂಬ ಅರ್ಥ ಕಳೆದುಕೊಂಡು ಸರ್ಕಾರದ ಸುಂಕವಾಯಿತು. ಆಮದು ಉಣ್ಣೆಯ ಮೇಲೆ ಇದ್ದ ಸುಂಕವೂ ಕಾಕತಾಳೀಯವಾಗಿ ನಲವತ್ತಕ್ಕೆ ಒಂದೇ ಆಗಿತ್ತು. ಅದು ಬೇಲಿಯಾಗಲು ಸಾಲದು, ಆದರೆ ಪಾಲಾಗಲು ಸಾಕಿತ್ತು. ಹಾಲಿನ ಪುಡಿಯ ಹಣದಿಂದ ಹಾಲಿನ ಸಂಘ ಕಟ್ಟಿದಂತೆ, ಆಮದು ಉಣ್ಣೆಯ ಸುಂಕದಿಂದ ನಾಡ ಉಣ್ಣೆಯ ಖರೀದಿ ಕೇಂದ್ರ ಕಟ್ಟಬಹುದಿತ್ತು. ಆಸ್ಟ್ರೇಲಿಯಾದ ಮಟ್ಟಿಗೆ ಆ ಪಾಲನ್ನೂ ಬಿಟ್ಟುಕೊಟ್ಟೆವು.

ಈಗಲೂ ದಾರಿ ಮುಚ್ಚಿಲ್ಲ. ಒಪ್ಪಂದದಿಂದ ಉಳಿತಾಯ ಕಾಣುವ ಉದ್ದಿಮೆಯ ಲಾಭದಿಂದಲೋ ಸರ್ಕಾರದ ಬೊಕ್ಕಸದಿಂದಲೋ ಅಷ್ಟು ಹಣ ತೆಗೆದಿಡಬಹುದು. ಕುರಿಗಾರರು ಅಲೆಯುವ ದಾರಿಯಲ್ಲೇ ಉಣ್ಣೆ ತೂಗುವ ಕಟ್ಟೆ ಬೇಕು. ಸರ್ಕಾರಿ ವಸತಿ ನಿಲಯಗಳಿಗೆ, ಆಸ್ಪತ್ರೆಗಳಿಗೆ ಕೊಳ್ಳುವ ಹೊದಿಕೆಯಲ್ಲಿ, ನೆಲಹಾಸಿನಲ್ಲಿ ದಖನಿ ಉಣ್ಣೆಗೆ ಒಂದು ಪಾಲು ಗೊತ್ತುಮಾಡಬೇಕು. ಕಟ್ಟಡಗಳಲ್ಲಿ ಶಾಖ ತಡೆಯಲು, ಸದ್ದು ತಡೆಯಲು ಉಣ್ಣೆಯನ್ನು ಹೊರದೇಶಗಳಲ್ಲಿ ಬಳಸುತ್ತಾರೆ. ಆ ಕೆಲಸಕ್ಕೆ ನಯ ಬೇಕಿಲ್ಲ. ಮುಂದಿನ ಒಪ್ಪಂದದ ಮಾತುಕತೆಗೆ ಹೋಗುವ ಮುನ್ನ ಹಾಲಿನ ಒಕ್ಕೂಟಗಳನ್ನು ಕೇಳುವಂತೆ ಕುರಿಗಾರರನ್ನೂ ಕರೆದು ಕೇಳಬೇಕು. ಕನ್ನಡದ ಲೇಖಕರು, ಪತ್ರಕರ್ತರು ಕಂಬಳಿಯನ್ನು ಪರಂಪರೆ ಎಂದು ಹೊಗಳುವುದನ್ನು ಸ್ವಲ್ಪ ಕಾಲ ನಿಲ್ಲಿಸಿ, ಅದನ್ನು ಕೂಲಿ ಎಂದು, ಬೆಲೆ ಎಂದು, ಸುಂಕ ಎಂದು ಬರೆಯಬೇಕು. ಮುಂದಿನ ಚುನಾವಣೆಯಲ್ಲಿ ಯಾರಾದರೂ ಕಂಬಳಿ ಹೊದ್ದು ವೇದಿಕೆ ಹತ್ತಿದರೆ ಅವರ ಜಾತಿ, ಯೋಗ್ಯತೆ ಕೇಳುವ ಅಗತ್ಯವಿಲ್ಲ. ಮೆಡ್ಲೇರಿಯ ಮಗ್ಗಕ್ಕೆ ಉಣ್ಣೆ ಕಿಲೋಗೆ ಎಷ್ಟು ಬಿತ್ತು ಎಂದಷ್ಟೇ ಕೇಳೋಣ.